ಮೂರು ಪಾಲಾದ ಇಪ್ಪತ್ನಾಲ್ಕು ಕನ್ನಡಿಗರು

ಭಾನುವಾರ ಬೆಳಗ್ಗೆ ಹರಿಪ್ರಸಾದ್ ಮೇಷ್ಟ್ರು ಕಾಫಿ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟರು. ತಿ. ನರಸೀಪುರದ ವಾಚನಾಲಯದಲ್ಲಿ ಅವರೇ ಕಲಿಸಿ, ಹೊಸದಾಗಿ ಶುರುವಾದ ಒಂದು ಬಹುಭಾಷಾ ವಿಕಿಗೆ ಸೇರಿಸಿದ್ದ ಇಪ್ಪತ್ನಾಲ್ಕು ಕನ್ನಡಿಗರು ಪರದೆಯ ಮೇಲೆ ಮೂರು ಪಾಲಾಗಿದ್ದರು. ಅಲ್ಲಿ ಪ್ರತಿಯೊಬ್ಬರೂ ತಮ್ಮ ಪುಟದಲ್ಲಿ ಮಾತೃಭಾಷೆಯ ಸಂಕೇತವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಬೇಕು. ಒಂದೇ ಸಂಕೇತದವರೆಲ್ಲ ಒಂದೇ ಪಟ್ಟಿ. ಮೇಷ್ಟ್ರು ಹೇಳಿದಂತೆ ಕೆಎನ್ ಎಂದು ಹಾಕಿದ್ದವರು ಒಂಬತ್ತು ಜನ. ಎಂಟು ಜನ ಕೆಎ, ಏಳು ಜನ ಕೆಎಎನ್. ಪಕ್ಕದವರದನ್ನು ನೋಡಿ ಬರೆಯುವ ವಿದ್ಯೆಯನ್ನು ಯಾರೂ ಮರೆತಿರಲಿಲ್ಲ.

ಬೇರೆ ದಿನವಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ಆದರೆ ಅಂದು ಸಂಜೆ ಐದರ ಪಟ್ಟಿ ನೋಡಿ ಭಾಷಾ ಗುಂಪುಗಳಿಗೆ ಹೊಸ ಕಂಪ್ಯೂಟರ್ ಕೊಡುವುದಾಗಿ ವಿಕಿಯವರ ಪ್ರಕಟಣೆ ಬಂದಿತ್ತು. ವಾಚನಾಲಯದ ಒಂದೇ ಕಂಪ್ಯೂಟರ್ ಹೋದ ತಿಂಗಳು ಕಣ್ಣು ಮುಚ್ಚಿತ್ತು. ಪ್ರಕಟಣೆ ಮೂರು ಪುಟ. ಮೇಷ್ಟ್ರು ಓದಿದ್ದು ಮೊದಲನೆಯದನ್ನು ಮಾತ್ರ. ಸಂಘ, ಸೊಸೈಟಿ ಎಲ್ಲ ಕಂಡ ಮನುಷ್ಯ; ತಲೆ ಜಾಸ್ತಿ ಇದ್ದ ಕಡೆಗೇ ಸವಲತ್ತು ಎಂಬುದನ್ನು ಓದಿ ತಿಳಿಯಬೇಕೆ? ಇನ್ನೊಬ್ಬರ ಪುಟವನ್ನು ತಾವೇ ತಿದ್ದುವಂತಿರಲಿಲ್ಲ. ಸ್ಕೂಟರ್ ಹತ್ತಿ, ತಮ್ಮೂರು ನಂಜನಗೂಡು ಬಿಟ್ಟು ನರಸೀಪುರಕ್ಕೆ ಹೊರಟರು.

ಅಲ್ಲಿನ ಬಸ್ ನಿಲ್ದಾಣದಲ್ಲಿ ಡ್ರೈವರ್ ಚಿಕ್ಕಸ್ವಾಮಿ ಸಿಕ್ಕಿದ. ಕೆಎ ಗುಂಪಿನ ಮೂಲಪುರುಷ ಅವನೇ.

“ನಮ್ ಬಸ್ಸಿನ ನಂಬರ್ ಪ್ಲೇಟ್ ಮ್ಯಾಲೆ ಕೆಎ ಅಂತ್ಲೇ ಅದೆ. ಆರ್‌ಟಿಓನೋರು ಸುಳ್ ಬರ್ದಾರಾ ಸಾ?”

“ಅದು ರಾಜ್ಯದ್ದು ಕಣೋ! ವಿಕೀಲಿ ಕೆಎ ಅಂದ್ರೆ ಜಾರ್ಜಿಯಾ ದೇಶದ ಭಾಷೆ.”

ಚಿಕ್ಕಸ್ವಾಮಿಯ ಮುಖ ಅರಳಿತು. “ಅಂಗಾರೆ ನಾವೆಂಟು ಜನ ಫಾರಿನ್ನೋರಾ? ಇರ್ಲಿ ಬುಡಿ ಸಾ!”

ಎರಡು ತಟ್ಟೆ ಇಡ್ಲಿ ಕೊಡಿಸಿದ ಮೇಲೆ ಅವನು ಕನ್ನಡಕ್ಕೆ ಮರಳಿದ. ಉಳಿದ ಏಳು ಜನರನ್ನೂ ಫೋನಿನಲ್ಲೇ ಗದರಿಸಿ ಕರೆತಂದ.

ಕೆಎಎನ್ ಗುಂಪಿನ ಮುಖಂಡ ಅರ್ಚಕ ಮುರಳೀಧರ ಅಷ್ಟು ಅಗ್ಗಕ್ಕೆ ಬಗ್ಗಲಿಲ್ಲ. “ನಾನು ಲೈಬ್ರರಿ ಕ್ಯಾಟಲಾಗ್ ನೋಡೇ ಹಾಕಿರೋದು. ನೀವೇ ನಮ್ ಕಡೆ ಬನ್ನಿ.”

“ನಿಮ್ದೂ ಸರಿಯೇ ಸ್ವಾಮಿ, ಆದ್ರೆ ಇಲ್ಲಿ ಬೇರೆ ಪಟ್ಟಿ ಆಗತ್ತೆ. ಕಂಪ್ಯೂಟರ್ ಬೇಡ್ವೇ?”

ಬೇಕಿತ್ತು. ಆದರೆ ಅವನು ಪಾಸ್‌ವರ್ಡ್ ಬರೆದಿಟ್ಟಿದ್ದು ಹೋದ ವರ್ಷದ ಪಂಚಾಂಗದಲ್ಲಿ. ಮೇಷ್ಟ್ರು ಅವನ ಮನೆಯ ಅಟ್ಟ ಹತ್ತಿ, ಧೂಳು ಕುಡಿದು, ಕಡೆಗೆ ಅದನ್ನು ಹಪ್ಪಳದ ಡಬ್ಬದ ಅಡಿಯಿಂದ ಎಳೆದಾಗ ನಾಲ್ಕು ಇಪ್ಪತ್ತು.

“ನಾಲ್ಕೂವರೆಗೆ ರಾಹುಕಾಲ. ಆಮೇಲೆ ನಾನು ಮುಟ್ಟಲ್ಲ,” ಎಂದ ಮುರಳೀಧರ.

ನಾಲ್ಕು ಇಪ್ಪತ್ತೆಂಟಕ್ಕೆ ಮುಟ್ಟಿದ. ಅವನ ಆರು ಜನ ಅವನನ್ನು ನೋಡಿ ಬರೆದರು.

ಐದಕ್ಕೆ ಪಟ್ಟಿ ಬಂತು: ಕನ್ನಡ, ಇಪ್ಪತ್ನಾಲ್ಕು! ವಾಚನಾಲಯದ ಮುಂದೆ ಶಿಳ್ಳೆಯೋ ಶಿಳ್ಳೆ. ಚಿಕ್ಕಸ್ವಾಮಿ ಮೇಷ್ಟ್ರಿಗೆ ಹಾರ ಹಾಕಿದ. ಅಷ್ಟರಲ್ಲಿ ವಿಕಿಯವರ ಪತ್ರ ಬಂತು. ಮೇಷ್ಟ್ರು ಬೆಂಚು ಹತ್ತಿ ಗಟ್ಟಿಯಾಗಿ ಓದಿದರು.

“ಅಭಿನಂದನೆಗಳು. ಕನ್ನಡ ಈಗ ನಮ್ಮ ವಿಕಿಯ ಅತಿ ದೊಡ್ಡ ಗುಂಪು.”

ಕೇಕೆ ಮುಗಿಲು ಮುಟ್ಟಿತು. ಮುಂದಿನ ಸಾಲು ಯಾರಿಗೂ ಕೇಳಿಸಲಿಲ್ಲ. ಮೇಷ್ಟ್ರು ಒಬ್ಬರೇ ಓದಿಕೊಂಡರು.

“ನಮ್ಮ ನಿಯಮದಂತೆ ಕಂಪ್ಯೂಟರ್ ಕೊಡುವುದು ಹತ್ತಕ್ಕಿಂತ ಕಡಿಮೆ ಜನರಿರುವ ಗುಂಪುಗಳಿಗೆ ಮಾತ್ರ. ಬೆಳಗ್ಗೆ ನಿಮ್ಮ ವಾಚನಾಲಯದ ಮೂರು ಸಣ್ಣ ಗುಂಪುಗಳಿಗೆಂದು ತೆಗೆದಿರಿಸಿದ್ದ ಮೂರು ಕಂಪ್ಯೂಟರುಗಳನ್ನು ರದ್ದುಪಡಿಸಿದ್ದೇವೆ. ಅತಿ ದೊಡ್ಡ ಗುಂಪಾದ ತಾವು ಯಾವುದಾದರೂ ಸಣ್ಣ ಭಾಷೆಗೆ ಒಂದು ಕಂಪ್ಯೂಟರ್ ಕೊಡಿಸಿದರೆ ಉಪಕಾರವಾದೀತು.”

ಮೇಷ್ಟ್ರ ಕಣ್ಣಲ್ಲಿ ನೀರಾಡಿತು. ಆನಂದಬಾಷ್ಪವೆಂದೇ ತಿಳಿದ ಚಿಕ್ಕಸ್ವಾಮಿ ಅವರನ್ನು ಹೆಗಲ ಮೇಲೆ ಎತ್ತಿಕೊಂಡ.

“ಆ ದೊಡ್ ಗುಂಪು ಅನ್ನಾದ ಇನ್ನೊಂದ್ ಸಲ ಓದಿ ಸಾ!”

ಮೇಷ್ಟ್ರು ಓದಿದರು.