ಹನಿ ಮೇಷ್ಟ್ರ ಗೇಟಿನ ಕೆಂಪು ಬಟ್ಟೆ

ಅಷ್ಟೂ ರಾದ್ಧಾಂತಕ್ಕೆ ಕಾರಣ ಒಂದು ವಾಷರ್. ಅಂಗಿಯ ಗುಂಡಿಗಿಂತ ಕೊಂಚ ದೊಡ್ಡದು, ರಬ್ಬರಿನದು, ಮೂಲೆಯ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುವಂಥದ್ದು. ಹನಿ ಮೇಷ್ಟ್ರ ಅಡುಗೆಮನೆಯ ನಲ್ಲಿಯೊಳಗೆ ಅದು ಸವೆದುಹೋಗಿ ತಿಂಗಳುಗಳೇ ಕಳೆದಿದ್ದವು.

ಹನಿ ಮೇಷ್ಟ್ರು ನಿಜವಾಗಿ ಮೇಷ್ಟ್ರೇನೂ ಅಲ್ಲ. ನೀರಿನ ನೀತಿಯ ಅಧ್ಯಯನ ಮಾಡುವ ಒಂದು ಸಂಸ್ಥೆಯಲ್ಲಿ ಸಂಶೋಧಕ. ಊರಿನ ನೀರು ಎಲ್ಲಿ ಸೋರಿಹೋಗುತ್ತದೆ, ಅದನ್ನು ಜನರೇ ಸೇರಿ ಹೇಗೆ ತಡೆಯಬಹುದು ಎಂದು ಕಂಡುಹಿಡಿದು, ಅದನ್ನು ಜನರಿಗೇ ಕಲಿಸುವುದು ಅವರ ಕೆಲಸ. ಪ್ರಯೋಗಕ್ಕೆ ಬೇರೆ ಬೀದಿ ಯಾಕೆ ಎಂದು ತಾವಿರುವ ಬೀದಿಯನ್ನೇ ಆರಿಸಿಕೊಂಡಿದ್ದರು. ಸಿಕ್ಕವರಿಗೆಲ್ಲ ಒಂದೊಂದು ಹನಿಯ ಲೆಕ್ಕ ಒಪ್ಪಿಸುತ್ತಿದ್ದುದರಿಂದ ಬೀದಿ ಈ ಹೆಸರಿಟ್ಟಿತ್ತು. ಅವರ ಭಾಷಣಕ್ಕೆ ಮೊದಲ ಸಾಲಿನವರು ತೂಕಡಿಸುತ್ತಿದ್ದರು, ಹಿಂದಿನ ಸಾಲಿನವರು ಧಾರಾಳವಾಗಿ ನಿದ್ದೆ ಹೋಗುತ್ತಿದ್ದರು. ಆಮೇಲೆ ಅವರ ಹೆಂಡತಿ ಮನೆಮನೆಗೆ ಹೋಗಿ, ನಲ್ಲಿಯ ಪಕ್ಕದಲ್ಲೇ ನಿಂತು ಅದನ್ನೇ ಇನ್ನೊಂದು ಸಲ ಹೇಳುತ್ತಿದ್ದಳು. ಆಗ ಮಾತ್ರ ಎಲ್ಲರಿಗೂ ಅರ್ಥವಾಗುತ್ತಿತ್ತು. ಜನ ಕಲಿತದ್ದು ತಮ್ಮ ಭಾಷಣದಿಂದಲೇ ಎಂದು ಮೇಷ್ಟ್ರು ನಂಬಿದ್ದರು. ಆ ನಂಬಿಕೆಯನ್ನು ಯಾರೂ ಕೆಡಿಸಲು ಹೋಗಿರಲಿಲ್ಲ.

ಆದರೆ ಬೀದಿ ಬದಲಾಗಿದ್ದು ಸುಳ್ಳಲ್ಲ. ನಿಯಮಗಳನ್ನೆಲ್ಲ ಮಾಡಿದವರು ಮೇಷ್ಟ್ರೇ. ಬೆಳಿಗ್ಗೆ ನೀರು ಬಿಟ್ಟ ಕೂಡಲೇ ಎಲ್ಲರೂ ಸ್ವಲ್ಪ ಹೊತ್ತು ನಲ್ಲಿ ಮುಚ್ಚಿರಬೇಕು. ಆಗ ಬೀದಿಯ ಸಮಿತಿಯವರು ಇಬ್ಬಿಬ್ಬರಾಗಿ ಹೋಗಿ ಗೇಟಿನ ಪಕ್ಕದ ಮೀಟರುಗಳನ್ನು ನೋಡುತ್ತಾರೆ. ನಲ್ಲಿ ಮುಚ್ಚಿದ್ದರೂ ಮೀಟರಿನ ಮುಳ್ಳು ಓಡುತ್ತಿದ್ದರೆ ಆ ಮನೆಯಲ್ಲಿ ಸೋರಿಕೆ ಇದೆ ಎಂದರ್ಥ. ಅಂಥ ಮನೆಯ ಗೇಟಿಗೆ ಕೆಂಪು ಬಟ್ಟೆ ಕಟ್ಟುತ್ತಾರೆ. ಸೋರಿಕೆ ನಿಂತು, ಸಮಿತಿ ಮತ್ತೆ ಬಂದು ನೋಡುವವರೆಗೆ ಅದನ್ನು ಬಿಚ್ಚುವಂತಿಲ್ಲ. ಆ ಬಟ್ಟೆಗಳನ್ನು ಹಳೆಯ ಪರದೆಯಿಂದ ಕತ್ತರಿಸಿ, ಅಂಚು ಮಡಿಸಿ ಹೊಲಿದುಕೊಟ್ಟವಳು ಮೇಷ್ಟ್ರ ಹೆಂಡತಿ. ಮಾನಕ್ಕೆ ಅಂಜಿದ ಬೀದಿ ಎಷ್ಟು ಬೇಗ ರಿಪೇರಿಯಾಯಿತೆಂದರೆ, ಕೊನೆಯ ಮನೆಯವರಿಗೂ ಮಹಡಿಗೇರುವಷ್ಟು ಜೋರಾಗಿ ನೀರು ಬರತೊಡಗಿತು. ಅದನ್ನು ಕಂಡಾಗಲೆಲ್ಲ ಮೇಷ್ಟ್ರ ಎದೆ ಉಬ್ಬುತ್ತಿತ್ತು. ಅದೊಂದರಲ್ಲಿ ಅವರನ್ನು ಅಲ್ಲಗಳೆಯುವ ಹಾಗಿಲ್ಲ.

ಇಷ್ಟಾದರೂ ಸಮಿತಿಯವರು ನೋಡದೆ ಬಿಟ್ಟ ಮೀಟರು ಒಂದಿತ್ತು. ಮೇಷ್ಟ್ರ ಮನೆಯದ್ದನ್ನು ನೋಡುವುದುಂಟೇ ಎಂದು ಎಲ್ಲರೂ ಅದನ್ನು ದಾಟಿ ಹೋಗುತ್ತಿದ್ದರು. ನಲ್ಲಿ ಸೋರುತ್ತಿದೆ ಎಂದು ಹೆಂಡತಿ ಹೇಳಿದಾಗಲೆಲ್ಲ ಮೇಷ್ಟ್ರು ನಾಳೆ ಎನ್ನುತ್ತಿದ್ದರು. ಟಪ್ ಟಪ್ ಸದ್ದು ಬರವಣಿಗೆಗೆ ಅಡ್ಡಿಯಾದಾಗ ನಲ್ಲಿಯ ಬಾಯಿಗೆ ಒಂದು ದಾರ ಕಟ್ಟಿ ಕೆಳಕ್ಕೆ ಇಳಿಬಿಟ್ಟರು. ನೀರು ದಾರದ ಗುಂಟ ಸದ್ದಿಲ್ಲದೆ ಇಳಿದುಹೋಯಿತು. ಸಮಸ್ಯೆ ಬಗೆಹರಿಯಿತೆಂದು ಅವರು ಮತ್ತೆ ನೀರಿನ ಉಳಿತಾಯದ ಬಗ್ಗೆ ಬರೆಯಲು ಕೂತರು.

ಈವತ್ತು ಅವರ ಪಾಲಿಗೆ ದೊಡ್ಡ ದಿನ. ನೀರು ಸರಬರಾಜು ಇಲಾಖೆಯ ಮುಖ್ಯಸ್ಥೆಯೇ ಬೀದಿ ನೋಡಲು ಬರುವವರಿದ್ದರು. ಅವರಿಗೆ ಒಪ್ಪಿಗೆಯಾದರೆ ಈ ಪದ್ಧತಿ ಇಡೀ ಊರಿಗೆ ಬರುತ್ತದೆ, ಅದನ್ನು ನಡೆಸಲು ಒಂದು ಕಾಯಂ ಹುದ್ದೆ ಹುಟ್ಟುತ್ತದೆ. ವರ್ಷ ವರ್ಷವೂ ಗುತ್ತಿಗೆ ಮುಂದುವರಿಸಿಕೊಂಡು ಬಂದ ಮೇಷ್ಟ್ರಿಗೆ ಆ ಹುದ್ದೆ ತಮ್ಮದೇ ಎಂಬುದರಲ್ಲಿ ಸಂಶಯವಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಅವರ ಹೆಂಡತಿಯ ಅಣ್ಣ ಫೋನ್ ಮಾಡಿದಾಗಲೆಲ್ಲ ಕ್ಷೇಮ ಸಮಾಚಾರಕ್ಕೂ ಮೊದಲು "ಕಾಯಂ ಆಯ್ತಾ ಭಾವ?" ಎಂದು ಕೇಳುತ್ತಿದ್ದ. ಆ ಪ್ರಶ್ನೆಗೆ ಒಂದು ಸಲವಾದರೂ ಆಯ್ತು ಎನ್ನಬೇಕೆಂಬುದು ಮೇಷ್ಟ್ರ ಜೀವನದ ಆಸೆ.

ಹೆಂಡತಿ ಬೆಳಿಗ್ಗೆಯೇ ಮೀಟರು ನೋಡುವ ಸರದಿಗೆ ಹೋಗಿದ್ದಳು. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮುಖ್ಯಸ್ಥೆ ಅಕಸ್ಮಾತ್ ಒಳಗೆ ಬಂದರೆ ಚೆನ್ನಾಗಿರಲಿ ಎಂದು ಅಡುಗೆಮನೆಯತ್ತ ಕಣ್ಣು ಹಾಯಿಸಿದರು. ದಾರ ಕಣ್ಣಿಗೆ ಬಿತ್ತು. ಅದನ್ನು ಬಿಚ್ಚಿ, ನಲ್ಲಿಯನ್ನು ಒಂದು ಸುತ್ತು ಬಿಗಿ ಮಾಡಿದರು. ಹನಿ ನಿಲ್ಲಲಿಲ್ಲ. ಇನ್ನೊಂದು ಸುತ್ತು ಬಿಗಿ ಮಾಡಿದರು. ಹಿಡಿ ಕಿತ್ತು ಕೈಗೆ ಬಂತು, ನೀರು ಎದೆಗೆ ಬಂತು.

ಒದ್ದೆ ಅಂಗಿಯಲ್ಲೇ ಗೇಟಿನ ಬಳಿಯ ವಾಲ್ವ್ ಮುಚ್ಚಲು ಓಡಿದರು. ಅದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ತಿಂಗಳಿಗೊಮ್ಮೆ ವಾಲ್ವ್ ತಿರುಗಿಸಿ ನೋಡಿ, ಇಲ್ಲದಿದ್ದರೆ ತುಕ್ಕು ಹಿಡಿದು ಕೂರುತ್ತದೆ ಎಂದು ಬೀದಿಗೆಲ್ಲ ಹೇಳಿದ್ದು ಅವರೇ. ತಮ್ಮದನ್ನು ಮುಟ್ಟದೆ ವರ್ಷಗಳಾಗಿದ್ದವು. ಒಳಗೆ ಓಡಿಬಂದು ಬುಟ್ಟಿಯಲ್ಲಿದ್ದ ಒಂದು ದಪ್ಪ ಕ್ಯಾರೆಟ್ಟನ್ನು ನಲ್ಲಿಯ ಬಾಯಿಗೆ ತುರುಕಿ, ಮೇಲೆ ಒರೆಸುವ ಬಟ್ಟೆ ಸುತ್ತಿ ಬಿಗಿದರು. ನೀರು ನಿಂತಿತು. ಕ್ಯಾರೆಟ್ ಮಾತ್ರ ಸಿಟ್ಟು ತಡೆದುಕೊಂಡವರ ಹಾಗೆ ಸಣ್ಣಗೆ ನಡುಗುತ್ತಿತ್ತು.

ಪ್ಲಂಬರಿಗೆ ಫೋನ್ ಹೋಯಿತು. ಅವನು ಚೀಲ ಹೊತ್ತು ಬಂದವನು ಗೇಟಿನ ಹೊರಗೇ ನಿಂತ. ಸಮಿತಿಗೆ ಹೇಳಿದ್ದೀರಾ ಎಂದು ಕೇಳಿದ. ಇದಕ್ಕೊಂದು ಹಿನ್ನೆಲೆಯಿದೆ. ಮೊದಲ ವರ್ಷ ಜನ ಪ್ಲಂಬರನ್ನು ಗುಟ್ಟಾಗಿ ಕರೆಸಿ ರಿಪೇರಿ ಮಾಡಿಸಿಕೊಂಡು, ವಿಚಾರಿಸಿದರೆ ನಮ್ಮಲ್ಲಿ ಸೋರಿಕೆಯೇ ಇಲ್ಲ ಎಂದುಬಿಡುತ್ತಿದ್ದರು. ಹಾಗಾಗಿ ಜಗತ್ತಿನಲ್ಲೇ ಒಂದು ಹನಿಯೂ ಸೋರದ ಬೀದಿ ಇದೆಂದು ಮೇಷ್ಟ್ರ ವರದಿ ಹೇಳಿತ್ತು. ಸಂಸ್ಥೆಯ ನಿರ್ದೇಶಕರು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅಂದಿನಿಂದ, ಸಮಿತಿಗೆ ತಿಳಿಸದೆ ಯಾರ ಮನೆಯ ನಲ್ಲಿಯನ್ನೂ ಮುಟ್ಟುವುದಿಲ್ಲವೆಂದು ಪ್ಲಂಬರಿನಿಂದ ಮೇಷ್ಟ್ರು ಎಲ್ಲರೆದುರು ಪ್ರಮಾಣ ಮಾಡಿಸಿದ್ದರು.

ಇದೊಂದು ಸಲ ಬಿಟ್ಟುಬಿಡಪ್ಪಾ ಎಂದು ಮೇಷ್ಟ್ರು ಗೋಗರೆದರು. ಪ್ಲಂಬರ್ ಎದೆ ಸೆಟೆಸಿದ. "ಅವತ್ತು ನೀವು ನನ್ನ ಕೈ ಹಿಡ್ಕೊಂಡು, ಬೀದಿ ಮಾನ ನಿನ್ನ ಕೈಲಿದೆ ಅಂದ್ರಿ ಸಾರ್. ನನಗೆ ಅಂಥ ಮಾತು ಯಾರೂ ಹೇಳಿರಲಿಲ್ಲ. ಅದನ್ನ ಕಳ್ಕೊಳ್ಳೋಕಾಗಲ್ಲ."

ಮೇಷ್ಟ್ರಿಗೆ ಅವನ ಮೇಲೆ ಸಿಟ್ಟೂ ಬಂತು, ಹೆಮ್ಮೆಯೂ ಆಯಿತು. ಎರಡರಲ್ಲಿ ಯಾವುದನ್ನು ತೋರಿಸುವುದೆಂದು ತಿಳಿಯದೆ ಬಾಗಿಲು ಹಾಕಿಕೊಂಡರು.

ಅಷ್ಟರಲ್ಲಿ ಸಮಿತಿಯ ಅಧ್ಯಕ್ಷೆ ಬಂದರು. ನಿವೃತ್ತ ಮುಖ್ಯೋಪಾಧ್ಯಾಯಿನಿಯಾದ ಅವರನ್ನು ಬೀದಿಯೆಲ್ಲ ದೊಡ್ಡಮೇಡಂ ಎನ್ನುತ್ತಿತ್ತು. ಅವರ ಕೈಯಲ್ಲಿ ಕೆಂಪು ಬಟ್ಟೆಯಿತ್ತು. ಪ್ಲಂಬರ್ ಹೇಳಿಬಿಟ್ಟನೇ ಎಂದು ಮೇಷ್ಟ್ರು ಕೇಳಿದರೆ, ಇಲ್ಲ, ಬೆಳಿಗ್ಗೆ ಮೀಟರು ನೋಡುವಾಗಲೇ ಗೊತ್ತಾಯಿತು ಎಂದರು. ಮುಖ್ಯಸ್ಥೆ ಬಂದು ಹೋಗುವವರೆಗೆ ಮಾತ್ರ ತಡೆಯಿರಿ, ಇಷ್ಟು ವರ್ಷದ ಕೆಲಸ ಒಂದು ಬಟ್ಟೆಯಿಂದ ಹಾಳಾಗುತ್ತದೆ ಎಂದು ಮೇಷ್ಟ್ರು ಕೈಮುಗಿದರು.

"ನನ್ನ ಎಪ್ಪತ್ತನೇ ಹುಟ್ಟುಹಬ್ಬದ ದಿನ ನಮ್ಮ ಗೇಟಿಗೆ ಯಾರು ಕಟ್ಟಿದ್ದು?" ಎಂದು ದೊಡ್ಡಮೇಡಂ ಗಂಟು ಹಾಕುತ್ತಲೇ ಕೇಳಿದರು. "ಮನೆ ತುಂಬ ನೆಂಟರಿದ್ರು. ನಿಯಮಕ್ಕೆ ಹುಟ್ಟುಹಬ್ಬ ಗೊತ್ತಿಲ್ಲ ಮೇಡಂ ಅಂದ್ರಿ. ನನಗೆ ಆ ಮಾತು ತುಂಬ ಹಿಡಿಸಿತ್ತು."

ಅವರು ತಿರುವಿನಲ್ಲಿ ಮರೆಯಾದದ್ದೇ ತಡ, ಮೇಷ್ಟ್ರು ತಮ್ಮ ಬಾಳಿನಲ್ಲಿ ಎಂದೂ ಮಾಡದ ಕೆಲಸವೊಂದನ್ನು ಮಾಡಿದರು. ಬಟ್ಟೆ ಬಿಚ್ಚಿ ಪ್ಯಾಂಟಿನ ಜೇಬಿಗೆ ತುರುಕಿದರು. ಅಂಗಿ ಬದಲಿಸಿ ಹೊರಬರುವಷ್ಟರಲ್ಲಿ ಕಾರು ಬಂದು ನಿಂತಿತ್ತು.

ಮುಖ್ಯಸ್ಥೆ ಹೆಚ್ಚು ಮಾತಿನವರಲ್ಲ, ನಗುವಿನವರಂತೂ ಅಲ್ಲ. ಜೊತೆಗೆ ನಿರ್ದೇಶಕರಿದ್ದರು. ಹೆಂಡತಿ, ದೊಡ್ಡಮೇಡಂ, ಚೀಲ ಹೊತ್ತ ಪ್ಲಂಬರ್ ಎಲ್ಲ ಸೇರಿ ಬೀದಿಯೇ ಹಿಂದೆ ಹೊರಟಿತು. ಮೇಷ್ಟ್ರು ಮುಂದೆ ಮುಂದೆ ನಡೆದು, ಈ ಮನೆಯ ತೊಟ್ಟಿ, ಆ ಮನೆಯ ಕೊಳವೆ ಎಂದು ವಿವರಿಸುತ್ತ ಹೋದರು. ಬೀದಿ ಲಕಲಕ ಹೊಳೆಯುತ್ತಿತ್ತು. ಒಂದು ಗೇಟಿನಲ್ಲೂ ಕೆಂಪಿಲ್ಲ ನೋಡಿ ಎಂದು ಅವರು ಕೈ ಬೀಸಿ ತೋರಿಸಿದಾಗ, ಹಿಂದೆ ನಡೆಯುತ್ತಿದ್ದವರೆಲ್ಲ ಅವರ ಜೇಬನ್ನೇ ನೋಡುತ್ತಿದ್ದರು. ಕೆಂಪು ಬಟ್ಟೆಯ ತುದಿ ಬಾಲದ ಹಾಗೆ ಹೊರಗೆ ತೂಗಾಡುತ್ತಿತ್ತು.

"ಬೆಳಿಗ್ಗೆ ಒಂದು ಕಟ್ಟಿದ್ವಲ್ಲ, ಅದೆಲ್ಲಿ ಹೋಯ್ತು?" ಎಂದು ದೊಡ್ಡಮೇಡಂ ತರಗತಿಯ ದನಿಯಲ್ಲಿ ಕೇಳಿದರು.

ಮೇಷ್ಟ್ರು ಉತ್ತರಿಸಬೇಕಾದ ಪ್ರಸಂಗ ಬರಲಿಲ್ಲ. ಅವರ ಮನೆಯೊಳಗಿಂದ ಢಬ್ ಎಂಬ ಸದ್ದು ಬಂತು. ಕ್ಯಾರೆಟ್ ಕೈಕೊಟ್ಟಿತ್ತು. ನೋಡನೋಡುತ್ತಿದ್ದಂತೆ ಬಾಗಿಲ ಕೆಳಗಿಂದ ನೀರು ಹರಿದು, ಮೆಟ್ಟಿಲಿಳಿದು, ಅಂಗಳ ದಾಟಿ ಬಂದು ಮುಖ್ಯಸ್ಥೆಯ ಚಪ್ಪಲಿಯನ್ನು ಮರ್ಯಾದೆಯಿಂದ ಮುಟ್ಟಿತು. ಅದರ ಹಿಂದೆಯೇ ಕ್ಯಾರೆಟ್ಟೂ ತೇಲಿಬಂತು.

ಎಲ್ಲರೂ ಬೆಪ್ಪಾಗಿ ನಿಂತಿದ್ದಾಗ ಅಲ್ಲಾಡಿದವಳು ಹೆಂಡತಿ ಒಬ್ಬಳೇ. ಪ್ಲಂಬರಿನ ಚೀಲದಿಂದ ಸ್ಪ್ಯಾನರ್ ತೆಗೆದು, ಅದರ ಹಿಡಿಯಿಂದ ವಾಲ್ವಿನ ಕುತ್ತಿಗೆಗೆ ಸುತ್ತಲೂ ಮೆಲ್ಲಗೆ ಕುಟ್ಟಿ, ತಿರುಗಿಸಿ ಮುಚ್ಚಿದಳು. ಆಮೇಲೆ ಗಂಡನ ಜೇಬಿನಿಂದ ಬಟ್ಟೆಯನ್ನು ಎಳೆದು, ಒಮ್ಮೆ ಕೊಡವಿ, ಗೇಟಿಗೆ ಕಟ್ಟಿದಳು. ಇದೇನು ಎಂದು ಮುಖ್ಯಸ್ಥೆ ಕೇಳಿದ್ದಕ್ಕೆ ಮೀಟರಿನ ಬಳಿ ಕರೆದುಕೊಂಡು ಹೋಗಿ, ಮುಳ್ಳು ತೋರಿಸಿ, ನಾಲ್ಕೇ ಮಾತಿನಲ್ಲಿ ಇಡೀ ಪದ್ಧತಿಯನ್ನು ಹೇಳಿ ಮುಗಿಸಿದಳು. ಮೇಷ್ಟ್ರು ಅದಕ್ಕೆ ತೊಂಬತ್ತು ಚಿತ್ರಗಳ ಭಾಷಣ ಸಿದ್ಧಮಾಡಿಟ್ಟಿದ್ದರು.

"ಈ ಮನೆ ಯಾರದ್ದು?" ಎಂದರು ಮುಖ್ಯಸ್ಥೆ.

"ನಮ್ಮದೇ."

"ದೂರು ಕೊಟ್ಟಿದ್ದು ಯಾರು?"

"ನಾನೇ. ಬೆಳಿಗ್ಗೆ ಮೀಟರು ನೋಡೋ ಸರದಿ ನಂದಿತ್ತು. ಎಲ್ಲರ ಮನೇದೂ ನೋಡಿ ನಮ್ಮದನ್ನ ದಾಟಿ ಹೋಗೋಕೆ ಈವತ್ತು ಯಾಕೋ ಮನಸ್ಸು ಬರಲಿಲ್ಲ. ನಿಯಮ ಮಾಡಿದ್ದು ನಮ್ಮ ಯಜಮಾನ್ರೇ. ಒಳ್ಳೇ ನಿಯಮ ಮೇಡಂ. ಅದಕ್ಕೇ ಬಿಟ್ಟುಕೊಡೋಕಾಗಲಿಲ್ಲ."

ಮುಖ್ಯಸ್ಥೆ ದೊಡ್ಡಮೇಡಂ ಕಡೆ ತಿರುಗಿ, ಮೇಷ್ಟ್ರತ್ತ ಕೈ ತೋರಿಸಿ, ಇವರು ಇಲ್ಲದೆ ಹೋದರೂ ಇದೆಲ್ಲ ನಡೆಯುತ್ತದೆಯೇ ಎಂದು ಕೇಳಿದರು.

"ನಡೆಯುತ್ತೆ," ಎಂದರು ದೊಡ್ಡಮೇಡಂ. "ಈವತ್ತು ಇವರು ಇದ್ದೂ ನಡೀತಲ್ಲ."

ಬೀದಿಯೆಲ್ಲ ನಕ್ಕಿತು. ಮುಖ್ಯಸ್ಥೆಯ ತುಟಿಯಂಚೂ ಸ್ವಲ್ಪ ಸಡಿಲಿತು. ಮೇಷ್ಟ್ರು ನಾಚಿಕೆಯಿಂದ ಭೂಮಿಗಿಳಿದು ಹೋಗಬೇಕಿತ್ತು. ಆದರೆ ಕತ್ತೆತ್ತಿ ನೋಡಿದಾಗ, ಜಗ್ಗದ ಪ್ಲಂಬರ್, ಬಗ್ಗದ ದೊಡ್ಡಮೇಡಂ, ಕೈಯಲ್ಲಿ ಸ್ಪ್ಯಾನರ್ ಹಿಡಿದು ನಿಂತ ಹೆಂಡತಿ ಮೂವರೂ ಕಂಡರು. ಇವರನ್ನೆಲ್ಲ ಹೀಗೆ ನಿಲ್ಲಿಸಿದ್ದು ನನ್ನ ಕೆಲಸವಲ್ಲವೇ ಎನ್ನಿಸಿತು. ಇಷ್ಟು ಹೆಮ್ಮೆ ಅವರಿಗೆ ಯಾವತ್ತೂ ಆಗಿರಲಿಲ್ಲ.

ದೊಡ್ಡಮೇಡಂ ಮನೆಯ ಜಗಲಿಯಲ್ಲಿ ಮಾತುಕತೆ ನಡೆಯಿತು. ಹೆಂಡತಿಯನ್ನೂ ಅಲ್ಲಿಗೆ ಕರೆದರು. ಮೇಷ್ಟ್ರು ಮನೆಯ ನೀರು ಬಳಿಯುತ್ತ, ಹೊಸ ನಲ್ಲಿ ಹಾಕುತ್ತಿದ್ದ ಪ್ಲಂಬರಿಗೆ ದೀಪ ಹಿಡಿಯುತ್ತ ಕಾದರು. ಕೊನೆಗೆ ನಿರ್ದೇಶಕರು ಬಂದು ಕೈ ಕುಲುಕಿದರು. ಯೋಜನೆ ಊರಿಗೆಲ್ಲ ಒಪ್ಪಿಗೆಯಾಗಿದೆ, ಕಾಯಂ ಹುದ್ದೆಯೂ ಮಂಜೂರಾಗಿದೆ ಎಂದರು. ಮೇಷ್ಟ್ರು ವಿನಯದಿಂದ ತಲೆ ತಗ್ಗಿಸಿದರು.

"ನಿಮ್ಮ ವರದಿಯ ಕೊನೇ ಪುಟ ಮುಖ್ಯಸ್ಥೆಯವರಿಗೆ ಬಹಳ ಹಿಡಿಸಿತು," ಎಂದು ನಿರ್ದೇಶಕರು ಮುಂದುವರಿಸಿದರು. "ಈ ಕೆಲಸವನ್ನ ಸಂಸ್ಥೆಯವರು ನಡೆಸಬಾರದು, ಬೀದಿಯ ಜನರಲ್ಲೇ ಒಬ್ಬರು ನಡೆಸಬೇಕು ಅಂತ ಬರೆದಿದ್ರಲ್ಲ. ನಾನು ಬೇಡ ಅಂದ್ರೂ ನೀವು ಹಟ ಹಿಡಿದು ಉಳಿಸಿಕೊಂಡ್ರಿ. ಅದನ್ನ ಅಕ್ಷರಶಃ ಪಾಲಿಸಿದ್ದಾರೆ. ಸ್ವಂತ ಮನೆಗೇ ಬಟ್ಟೆ ಕಟ್ಟಿದವರಿಗಿಂತ ನಂಬಿಕಸ್ಥರು ಇನ್ಯಾರು ಸಿಗ್ತಾರೆ ಅಂದ್ರು."

ಮೇಷ್ಟ್ರಿಗೆ ಮುಂದಿನ ವರ್ಷಕ್ಕೂ ಗುತ್ತಿಗೆ ಉಂಟು, ಯೋಜನೆಯ ಹೊಸ ಮುಖ್ಯಸ್ಥರ ಕೈಕೆಳಗೆ ಸಹಾಯಕನಾಗಿ ಎಂದೂ ಅವರು ಸಮಾಧಾನದ ದನಿಯಲ್ಲಿ ಸೇರಿಸಿದರು.

ಸಂಜೆ ಹೆಂಡತಿ ಮನೆಗೆ ಬಂದಾಗ ಮೇಷ್ಟ್ರು ಹೊಸ ನಲ್ಲಿಯನ್ನು ತೋರಿಸಿದರು. ಒಂದು ಹನಿಯೂ ಇಲ್ಲ, ಇನ್ನಾದರೂ ಆ ಬಟ್ಟೆ ಬಿಚ್ಚಲೇ ಎಂದು ಕೇಳಿದರು. ಅವಳು ಮುಖ ತೊಳೆಯುತ್ತ, ಬೆಳಿಗ್ಗೆ ಸರದಿಯಲ್ಲಿ ಬಂದು ನೋಡುತ್ತೇವೆ, ಅಲ್ಲಿಯವರೆಗೆ ಇರಲಿ ಎಂದಳು. ನಿಯಮ ನಿಮ್ಮದೇ ಎಂದು ನೆನಪಿಸಿದಳು.

ಆಗ ಫೋನ್ ಬಂತು. ಹೆಂಡತಿಯ ಅಣ್ಣ.

"ಕಾಯಂ ಆಯ್ತಾ ಭಾವ?"

ಮೇಷ್ಟ್ರು ಕಿಟಕಿಯಿಂದಾಚೆ ಗೇಟನ್ನೊಮ್ಮೆ ನೋಡಿ, ಎದೆಯುಬ್ಬಿಸಿ, ಇಷ್ಟು ವರ್ಷ ಕಾದಿಟ್ಟ ಉತ್ತರ ಕೊಟ್ಟರು.

"ಆಯ್ತು ಭಾವ," ಎಂದರು. "ನಿಮ್ಮ ತಂಗಿಗೆ."