ಬ್ಯಾರನ್ ಒಲೆಗೆ ಹೋದ ಕೊನೆಯ ಅಧ್ಯಾಯ

ಒಲೆ ಹಚ್ಚುವುದರಲ್ಲಿ ಹುಣಸೂರು ತಾಲ್ಲೂಕಿನಲ್ಲೇ ನನ್ನನ್ನು ಮೀರಿಸುವವರಿಲ್ಲ. ಜಂಬವಲ್ಲ, ಸತ್ಯ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು ಸ್ವಂತ ದುಡಿಮೆಯಲ್ಲಿ ಹೊಗೆಸೊಪ್ಪು ಬೇಯಿಸುವ ಎರಡು ಬ್ಯಾರನ್ ಮನೆ ಕಟ್ಟಿಸಿದ್ದೇನೆ. ಹಸಿ ಸೊಪ್ಪು ಒಳಗೆ ಹೋದರೆ ಚಿನ್ನದ ಬಣ್ಣಕ್ಕೆ ಬೆಂದೇ ಆಚೆ ಬರಬೇಕು!

ಆ ಶ್ರಾವಣದಲ್ಲಿ ಒಂದು ಬ್ಯಾರನ್ ತುಂಬಿ ಬೆಂಕಿಗೆ ಕಾಯುತ್ತಿತ್ತು. ಇನ್ನೊಂದಕ್ಕೆ ಚಪ್ಪರದಡಿ ಕೂಲಿಗೆ ಬಂದ ದೇವಕ್ಕ, ಗೌರಿ ಇಬ್ಬರೂ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದರು. ನನ್ನ ಹೆಂಡತಿ ಜಯಮ್ಮ ಎಸ್ಸೆಸ್ಸೆಲ್ಸಿ ಪಾಸು. ಅವರ ಪಕ್ಕ ಕೂತು ಹೊಸ ಕಾದಂಬರಿಯೊಂದನ್ನು ಓದಿ ಹೇಳುತ್ತಿದ್ದಳು. ಹುಬ್ಬಳ್ಳಿಯ ಒಬ್ಬ ಗಂಡ ಶನಿವಾರ ಬಂತೆಂದರೆ ಹೆಂಡತಿಗೆ ಸುಳ್ಳು ಹೇಳಿ ಎಲ್ಲಿಗೋ ಹೋಗುತ್ತಾನೆ. ಎಲ್ಲಿಗೆ? ಅದೇ ಗುಟ್ಟು!

"ಇನ್ನೊಂದು ಸಂಸಾರ ಮಡಗವ್ನೆ ಕಣವ್ವ" ಎಂದಳು ದೇವಕ್ಕ.

"ಇಲ್ಲ ಕಣಕ್ಕ, ಏನೋ ಕಾಯ್ಲೆ ಇರ್ಬೇಕು, ಪಾಪ" ಎಂದು ಗೌರಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಕತೆ ಬಿಸಿಯಾದಷ್ಟೂ ಅವರ ಕೈ ಚುರುಕು. ನನಗೇನು ನಷ್ಟ?

ಅವರೆಲ್ಲ ಊಟಕ್ಕೆ ಎದ್ದಾಗ ನಾನು ಒಲೆ ಹಚ್ಚಲು ಹೋದೆ. ಸೌದೆ ನೆಂದಿತ್ತು. ಕಾಗದ ಬೇಕು. ಪುಸ್ತಕ ಅಲ್ಲೇ ಇತ್ತು. ನಾನು ಶಾಲೆಯಲ್ಲಿದ್ದಷ್ಟು ವರ್ಷವೂ ಯಾವ ಪುಸ್ತಕವೂ ಕೊನೆಯ ಹಾಳೆ ಮುಟ್ಟಿದ್ದಿಲ್ಲ, ಅಷ್ಟರಲ್ಲಿ ರಜಾ ಬರುತ್ತಿತ್ತು. ಆದ್ದರಿಂದ ಕೊನೆಯ ಹಾಳೆಗಳು ಇರುವುದೇ ಪುಸ್ತಕ ದಪ್ಪ ಕಾಣಲಿ ಎಂದು, ಇದು ನನ್ನ ದೃಢ ನಂಬಿಕೆ. ಹಿಂದಿನಿಂದ ಒಂದು ಹಿಡಿ ಹರಿದೆ. ಒಲೆ ಭಗ್ಗನೆ ಹತ್ತಿತು!

ಊಟ ಮುಗಿಸಿ ಬಂದ ಜಯಮ್ಮ ಪುಸ್ತಕ ತೆರೆದಳು. "ಏನ್ರೀ, ಕೊನೇ ಅಧ್ಯಾಯ ಎಲ್ರೀ?"

"ಒಲೇಲಿ."

ದೇವಕ್ಕ ಕಡ್ಡಿ ಕೆಳಗಿಟ್ಟಳು. ಗೌರಿಯೂ ಇಟ್ಟಳು. "ಅವ್ನು ಎಲ್ಗೋಯ್ತಿದ್ದ ಅಂತ ಗೊತ್ತಾಗೋಗಂಟ ಕೈ ಓಡಕಿಲ್ಲ ಕಣಣ್ಣ."

ಮುರಿದು ತಂದ ಸೊಪ್ಪು ಗುಡ್ಡೆ ಬಿದ್ದಿತ್ತು. ಸಂಜೆಯೊಳಗೆ ಕಟ್ಟಿ ಬ್ಯಾರನ್ನಿಗೆ ಏರಿಸದಿದ್ದರೆ ಅಷ್ಟೂ ಬಾಡಿ ಹಾಳು!

"ಅಷ್ಟೇ ತಾನೆ? ನಾನು ಓದ್ಕಂಡೇ ಹರಿದಿದ್ದು" ಎಂದೆ ಗಂಭೀರವಾಗಿ. "ಅವ್ನು ಒಳ್ಳೇವ್ನು."

"ಒಳ್ಳೇವ್ನು ಯಾಕೆ ಸುಳ್ಳೇಳಾನು?" ಎಂದಳು ದೇವಕ್ಕ.

"ಹಗಲೆಲ್ಲಾ ಸೊಪ್ಪಲ್ಲಿ ದುಡಿದು ಮನೆಗೋದ್ರೆ, ಶ್ರಾವಣ ಅಂತ ಹೆಂಡ್ತಿ ಅಲ್ಲೂ ಸೊಪ್ಪಿನ ಸಾರೇ ಹಾಕಿದ್ರೆ? ಬ್ಯಾರನ್ ಪೈಪ್ ನೋಡ್ಕಂಡು ಬತ್ತೀನಿ ಅಂತ ಬಸ್ ಹತ್ತುತಾನೆ. ಮಿಲ್ಟ್ರಿ ಹೋಟ್ಲಲ್ಲಿ ಮುದ್ದೆ, ಕುರಿ ಬೋಟಿ ಗೊಜ್ಜು. ವಾಸ್ನೆ ಬರ್ದಂಗೆ ಮೇಲೆರಡು ಏಲಕ್ಕಿ."

ನಿಂತ ಕೈಗಳು ಓಡತೊಡಗಿದವು. ನಾನು ಉಬ್ಬಿಹೋದೆ. ಕತೆ ಕಟ್ಟುವುದು ಇಷ್ಟು ಸುಲಭವೇ! ಹೋಟ್ಲು ಲಕ್ಷ್ಮಣತೀರ್ಥದ ಸೇತುವೆ ದಾಟಿ ಎಡಕ್ಕೆ ಎಂದೂ ಸೇರಿಸಿದೆ.

ಜಯಮ್ಮ ಪುಸ್ತಕ ಮುಚ್ಚಿದಳು.

"ಹುಬ್ಬಳ್ಳಿಯವನಿಗೆ ಬ್ಯಾರನ್ ಯಾಕ್ರೀ?"

ನಾನು ಒಲೆಗೆ ಇನ್ನೊಂದು ಸೌದೆ ತುರುಕಿದೆ.

"ನಮ್ಮ ಹುಣಸೂರಿನ ಲಕ್ಷ್ಮಣತೀರ್ಥ ಹೊಳೆ ಯಾವಾಗ್ರೀ ಹುಬ್ಬಳ್ಳಿಗೆ ಹೋಯ್ತು?"

ಎದ್ದು ಬಂದವಳೇ ನನ್ನ ಅಂಗಿ ಜೇಬಿಗೆ ಕೈ ಹಾಕಿದಳು. ಶನಿವಾರದ ಏಲಕ್ಕಿ ಒಂದು ಉಳಿದಿತ್ತು!

"ಶ್ರಾವಣ ಶನಿವಾರ ಬೋಟಿಯಾ!" ದೇವಕ್ಕ ಕೆನ್ನೆ ಬಡಿದುಕೊಂಡಳು. "ಇನ್ನೊಂದು ಸಂಸಾರ ಮಡಗಿದ್ರೂ ವಾಸಿ ಇತ್ತು ಬುಡಣ್ಣ!"

ನಕ್ಕು ನಕ್ಕೇ ಇಬ್ಬರೂ ಸಂಜೆಯೊಳಗೆ ಸೊಪ್ಪೆಲ್ಲಾ ಕಟ್ಟಿ ಮುಗಿಸಿದರು. ಸೊಪ್ಪು ಉಳಿಯಿತು. ನಾನು ಉಳಿಯಲಿಲ್ಲ.

ಮುಂದಿನ ಶನಿವಾರ ಹುಣಸೂರಿಗೆ ಜಯಮ್ಮನೇ ಹೋದಳು. ಅದೇ ಕಾದಂಬರಿಯ ಇನ್ನೊಂದು ಪ್ರತಿ ತಂದು ಕೊನೆಯ ಅಧ್ಯಾಯ ಓದಿದಳು. ಆ ಗಂಡ ಗುಟ್ಟಾಗಿ ಸಂಗೀತ ಕಲಿಯುತ್ತಿದ್ದನಂತೆ, ಹೆಂಡತಿಗೆ ಹಾಡಿ ಕೇಳಿಸಲು! ಗೌರಿ ಮತ್ತೆ ಅತ್ತಳು.

"ಸಪ್ಪೆ ಕಣವ್ವ" ಎಂದಳು ದೇವಕ್ಕ. "ಅಣ್ಣನ ಕತೇಲಿ ಬೋಟಿನಾದ್ರೂ ಇತ್ತು."

ಹುಬ್ಬಳ್ಳಿಯವನು ಪಾರಾದ. ನಮ್ಮ ಮನೆಯಲ್ಲಿ ಮಾತ್ರ ಆ ವರ್ಷದ ಶ್ರಾವಣ ದೀಪಾವಳಿ ದಾಟಿದರೂ ಮುಗಿಯಲಿಲ್ಲ!