ಮೊಹರಿಲ್ಲದ ಮಡಕೆ

ಬೆಳಗ್ಗೆ ಎಂಟಕ್ಕೇ ಬಿಸಿಲು ಅಂಗಳಕ್ಕಿಳಿದು ಕಾಲು ಚಾಚಿ ಕೂತಿದ್ದ ಒಂದು ದಿನದ ಕತೆ ಇದು. ಗಾಳಿಯ ಮಾತಿರಲಿ, ಬೇವಿನ ಎಲೆಯೊಂದು ಅಲುಗಲೂ ಮೇಲಿನವರ ಅಪ್ಪಣೆಗೆ ಕಾಯುತ್ತಿರುವಂತಿತ್ತು.

ಬಹಳ ಹಿಂದೆ, ಅಂದರೆ ಓದುಗರಿಗೆ ಯಾರ ನೆನಪೂ ಬಾರದಷ್ಟು ಹಿಂದೆ, ಕೆಂಡಾಪುರವೆಂಬ ಒಂದು ರಾಜ್ಯವಿತ್ತು. ಶ್ರೀಮನ್ಮಹಾರಾಜ ಶೀತಲಸೇನ ಪ್ರಭುಗಳು ಅದನ್ನು ಆಳುತ್ತಿದ್ದರು. ಸೂರ್ಯನಾರಾಯಣ ಸ್ವಾಮಿಯನ್ನು ಅವರು ಕಂಡದ್ದು ಪಂಚಾಂಗದಲ್ಲಿ ಮಾತ್ರ. ಹೊರಗೆ ಬಂದಾಗಲೆಲ್ಲ ಇಬ್ಬರ ನಡುವೆ ಬಿಳಿ ರೇಷ್ಮೆಯ ಕೊಡೆಯೊಂದು ಇರುತ್ತಿತ್ತು. ಆ ಕೊಡೆ ಹಿಡಿಯುವವನ ಹೆಸರು ಅಡಿವೆಪ್ಪ.

ಅದೇ ಊರಿನಲ್ಲಿ ಹುಲಿಗೆವ್ವ ಎಂಬ ಮುದುಕಿ, ಕೂಲಿಗೆ ಹೋಗುವವರ ಮಕ್ಕಳಿಗಾಗಿ ಶಿಶುಮನೆ ನಡೆಸುತ್ತಿದ್ದಳು. ಮೂವತ್ತು ಮಕ್ಕಳು, ಒಂದು ಮಡಕೆ. ಒದ್ದೆ ಮರಳಿನ ಗುಣಿಯಲ್ಲಿ ಕೂತ ಆ ಮಡಕೆಯಿಂದ, ಕೇಳಲಿ ಬಿಡಲಿ, ಗಳಿಗೆಗೊಂದು ಗುಟುಕು ಎಲ್ಲರ ಬಾಯಿಗೂ ಬೀಳುತ್ತಿತ್ತು. ಹೊತ್ತು ನೆತ್ತಿಗೇರುವ ಮೊದಲೇ ಮಕ್ಕಳೆಲ್ಲ ಒಳಗೆ. "ಕೂಸು ತಾನಾಗಿ ಕೇಳೂತನಕ ಕಾಯಬಾರ್ದವಾ," ಎಂದು ತಾಯಂದಿರಿಗೆ ಹೇಳುತ್ತಿದ್ದಳು. ಆಡಳಿತದ ಅನುಭವ ಆಕೆಗೆ ಅಷ್ಟಕ್ಕಷ್ಟೇ.

ಆಕೆ ಅರಮನೆಯಲ್ಲಿ ಬೇಡಿಕೊಂಡಿದ್ದು ಅಂಗಳಕ್ಕೊಂದು ಗರಿಯ ಚಪ್ಪರವನ್ನು. ಬೇಡಿಕೆ ಏಳು ಇಲಾಖೆ ದಾಟಿ ಆಸ್ಥಾನ ಮುಟ್ಟುವಷ್ಟರಲ್ಲಿ 'ಶಿಶುಶೈತ್ಯ ಮಹಾಭಿಯಾನ'ವಾಗಿ ಬೆಳೆದಿತ್ತು. ಚಪ್ಪರ ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು.

"ಉದ್ಘಾಟನೆ ನಡುಮಧ್ಯಾಹ್ನವೇ ಆಗಬೇಕು, ಪ್ರಭು," ಎಂದ ಮಹಾಮಂತ್ರಿ ಸ್ತುತಿಸಾಗರ. "ತಂಪು ಹೊತ್ತಿನಲ್ಲಿ ತಂಪಿನ ಅಭಿಯಾನ ಮಾಡಿದರೆ ಜನಕ್ಕೆ ವ್ಯತ್ಯಾಸ ತಿಳಿಯುವುದಾದರೂ ಹೇಗೆ?"

"ಭಲೆ! ಮಕ್ಕಳು?"

"ಮೋಡದ ವೇಷದಲ್ಲಿ ಸಾಲಾಗಿ ನಿಂತಿರುತ್ತಾರೆ. ಅಡಿಯಿಂದ ಮುಡಿಯವರೆಗೂ ಹತ್ತಿ."

"ಕೇಳಿದರೇ ತಂಪು!" ಎಂದು ಪ್ರಭುಗಳು ಕಣ್ಣು ಮುಚ್ಚಿದರು.

ಹಾಗಾಗಿ ಆ ಬೆಳಗ್ಗೆ ಅಡಿವೆಪ್ಪ ಶಿಶುಮನೆಯ ಬಾಗಿಲಿಗೆ ಬಂದು ನಿಂತ.

"ಅವ್ವಾ, ಮಡಕಿ ಕೊಡಬೇಕಂತ. ದೊರಿ ಮೊದಲ ಗುಟುಕು ಕುಡದು ಅಭಿಯಾನ ಚಾಲೂ ಮಾಡ್ತಾರಂತ."

"ಅರಮನ್ಯಾಗ ನೀರಿನ ಕೊಡ ಇಲ್ಲೇನಪಾ?"

"ಅಲ್ಲಿ ಬರೇ ಬೆಳ್ಳೀವು ಅದಾವ. ಬಡವರ ಮಡಕಿನ ಆಗಬೇಕಂತ. ಸಂಜಿಕ್ಕ ತಂದು ಕೊಡ್ತೀನಿ. ನಿನ್ನ ಕೈಯಾಗ ನೀರು ಕುಡದು ಬೆಳದಾಂವ ನಾನು, ಮಾತು ತಪ್ಪಾಂಗಿಲ್ಲ."

ಮಧ್ಯಾಹ್ನ ಮೈದಾನದಲ್ಲಿ ಮೂವತ್ತು ಮೋಡಗಳು ನಿಂತವು. ಪ್ರಭುಗಳು ಗುಟುಕರಿಸುವವರೆಗೆ ಯಾವ ಮಗುವೂ ನೀರು ಕುಡಿಯುವಂತಿಲ್ಲವೆಂದು ಅಪ್ಪಣೆಯಾಗಿತ್ತು. ಕುಡಿದರೆ ನಡುವೆ ಉಚ್ಚೆಗೆ ಓಡಿ ಸಾಲು ಕೆಡಿಸುತ್ತವೆ. ಜಳಕ ಮುಗಿಸಿ ಪ್ರಭುಗಳು ವೇದಿಕೆಗೆ ಬರುವಷ್ಟರಲ್ಲಿ ಒಂದು ತಾಸು ಕಳೆದಿತ್ತು. ಸ್ತುತಿಸಾಗರ ಭಾಷಣ ಓದತೊಡಗಿದ: "ಎಳೆಯ ಮಕ್ಕಳನ್ನು ಬಿಸಿಲಿಗೆ ಬಿಡಬೇಡಿ. ತೆಳು ಬಟ್ಟೆ ತೊಡಿಸಿ. ಪದೇ ಪದೇ ನೀರು ಕುಡಿಸಿ." ಮೋಡಗಳು ಬಾಯಿ ಒಣಗಿಸಿಕೊಂಡು ಕೇಳಿದವು.

ಕೊನೆಯ ಮೋಡ ನಾಲ್ಕು ವರ್ಷದ ಪಾರಿ. ಅವಳ ಮುಖ ಕೆಂಪೇರಿ, ಕಣ್ಣು ತೇಲಿ, ಮೊಣಕಾಲು ಕುಸಿದವು. ಹುಲಿಗೆವ್ವ ಅವಳನ್ನು ಎತ್ತಿಕೊಂಡು ನೇರ ವೇದಿಕೆ ಹತ್ತಿ, ಮಡಕೆಯ ಪಕ್ಕ ಮಲಗಿಸಿದಳು.

"ಏಯ್, ಮೊದಲ ಗುಟುಕು ಪ್ರಭುಗಳದು!" ಮಂತ್ರಿ ಅಡ್ಡ ಬಂದ.

"ದೊರಿನೂ ಕುಡೀಲಿ ಬಿಡ್ರಿ, ಮಡಕಿ ತುಂಬ ನೀರು ಅದಾವ. ಕೂಸಿನ ಜೀವ ಅಷ್ಟಿಲ್ಲ!"

ಆಕೆ ಹತ್ತಿಯನ್ನೆಲ್ಲ ಕಿತ್ತೆಸೆದು, ಸೆರಗನ್ನು ಮಡಕೆಯಲ್ಲಿ ಅದ್ದಿ ಕೂಸಿನ ಕತ್ತು, ಕಂಕುಳು, ಹಣೆ ಒರೆಸತೊಡಗಿದಳು. ಅಡಿವೆಪ್ಪ ಏನೂ ಮಾಡಲಿಲ್ಲ. ಎರಡು ಹೆಜ್ಜೆ ಸರಿದು ನಿಂತ, ಅಷ್ಟೇ. ಕೊಡೆಯ ನೆರಳೂ ಅವನೊಡನೆ ಸರಿದು ಪಾರಿಯ ಮೇಲೆ ಬಿತ್ತು.

"ಮಂತ್ರಿಗಳೇ," ಎಂದರು ಪ್ರಭುಗಳು ಗಾಬರಿಯಾಗಿ, "ನಮ್ಮ ತಲೆಯ ಮೇಲೆ ಏನೋ ಬಿಸಿಯಾಗಿ ಕೂತಿದೆಯಲ್ಲ?"

ಅದು ಬಿಸಿಲು ಎನ್ನುವ ಧೈರ್ಯ ಯಾರಿಗಿತ್ತು? "ತಮ್ಮದೇ ತೇಜಸ್ಸು, ಪ್ರಭು! ಇಷ್ಟು ದಿನ ಕೊಡೆಯಡಿ ಅಡಗಿತ್ತು," ಎಂದ ಸ್ತುತಿಸಾಗರ.

"ಹೌದೇ? ಹಾಗಿದ್ದರೆ ಕೊಡೆ ಅಲ್ಲೇ ಇರಲಿ."

ಭಗವಂತ ಯಾವ ಬಾಯಿಂದ ಯಾವ ಕೆಲಸ ಮಾಡಿಸುತ್ತಾನೋ ಹೇಳಲಾಗದು. ಆ ಹೊಗಳಿಕೆಯ ನೆರಳಿನಲ್ಲಿ ಪಾರಿ ಕಣ್ಣು ಬಿಟ್ಟಳು. ಗುಟುಕು ಗುಟುಕಾಗಿ ನೀರು ಕುಡಿದಳು. ಬಹಳ ಹೊತ್ತಿನ ಮೇಲೆ ಮೆಲ್ಲಗೆ, "ಆಯೀ, ಉಚ್ಚಿ ಬಂದೈತಿ," ಎಂದಳು.

"ಬದುಕಿದಿ ನನ್ನವ್ವಾ!" ಎಂದು ಹುಲಿಗೆವ್ವ ಆಕಾಶಕ್ಕೆ ಕೈಮುಗಿದಳು.

"ಕಂಡಿರಾ?" ಮಂತ್ರಿ ಅಧಿಕಾರಿಗಳತ್ತ ತಿರುಗಿದ. "ನೀರು ಕುಡಿಸಿದರೆ ಆಗುವುದೇ ಇದು."

ಆ ಸಂಜೆಯೇ ಪ್ರಭುಗಳಿಗೆ 'ತಾಪಹಾರಿ' ಎಂಬ ಬಿರುದಾಯಿತು. ಕೂಸು ಕುಡಿದು ಉಳಿದ ನೀರು ಕೊನೆಗೆ ಅವರ ತುಟಿಯನ್ನೂ ಸೋಕಿದ್ದರಿಂದ ಆ ಮಡಕೆ 'ಮಾದರಿ ಮಡಕೆ'ಯಾಗಿ ಅರಮನೆಯ ಪೀಠವೇರಿತು. ಡಂಗುರ ಹೊರಟಿತು: ಮನೆಮನೆಯ ಮಡಕೆಯನ್ನೂ ಮಾದರಿಗೆ ಹೋಲಿಸಿ ಮೊಹರು ಹಾಕಿಸಿಕೊಳ್ಳತಕ್ಕದ್ದು, ಮೊಹರಿಲ್ಲದ ಮಡಕೆಯ ನೀರನ್ನು ಎಳೆಯರಿಗೆ ಕುಡಿಸತಕ್ಕದ್ದಲ್ಲ, ಸ್ವೀಕಾರದ ವೇಳೆ ಮಧ್ಯಾಹ್ನ ಹನ್ನೆರಡರಿಂದ ಮೂರು.

ಜನ ಮಡಕೆ ಹೊತ್ತು ಬಿಸಿಲಿನಲ್ಲಿ ಸಾಲುಗಟ್ಟಿದರು. ಮೊಹರಿನ ವಿನ್ಯಾಸ ಇನ್ನೂ ಸಮಿತಿಯ ಮುಂದಿತ್ತು. ಅಲ್ಲಿಯವರೆಗೆ ಒಡೆಯದಿರಲೆಂದು ಮಡಕೆಗಳನ್ನೆಲ್ಲ ನೀರು ತುಂಬಿ ಪ್ರಭುಗಳ ಶಯನಗೃಹದ ಸುತ್ತ ಜೋಡಿಸಿದರು. ಶಯನಗೃಹ ಬಹಳ ತಂಪಾಯಿತು. ಅಭಿಯಾನ ನೂರಕ್ಕೆ ನೂರು ಯಶಸ್ವಿ ಎಂದು ವರದಿಯಾಯಿತು. ಊರಿನ ಮಕ್ಕಳು ತಗಡಿನ ಡಬ್ಬಿಯ ಬಿಸಿನೀರು ಕುಡಿದರು.

ಹತ್ತೊಂಬತ್ತನೆಯ ಸಂಜೆ ಅಡಿವೆಪ್ಪ ಹೆಗಲ ಮೇಲೊಂದು ಮಡಕೆ ಹೊತ್ತು ಶಿಶುಮನೆಗೆ ಬಂದ. ಅದರ ಜಾಗದಲ್ಲಿ, ಪೀಠದ ಮೇಲೆ, ಆನೆಲಾಯದ ಮಡಕೆಯೊಂದನ್ನು ಇಟ್ಟು ಬಂದಿದ್ದ. ಸ್ತುತಿಸಾಗರ ಆಗಲೇ ಅದಕ್ಕೂ ಕೈಮುಗಿದು ಹೋಗಿದ್ದ.

"ಸಂಜಿಕ್ಕ ಅಂದಿದ್ಯಲ್ಲೋ," ಎಂದಳು ಹುಲಿಗೆವ್ವ.

"ಇದೂ ಸಂಜಿನ ಅಲ್ಲೇನವ್ವಾ."

"ಮೊಹರು ಬಿತ್ತೇನು?"

"ಇಲ್ಲ. ಆದ್ರ ಸೋರಾಂಗಿಲ್ಲ."

ಗುಣಿಯ ಮರಳನ್ನು ಆಕೆ ಅಷ್ಟೂ ದಿನ ಒದ್ದೆಯಾಗಿಯೇ ಇಟ್ಟಿದ್ದಳು. ಅಡಿವೆಪ್ಪ ಮಡಕೆಯನ್ನು ಅದರಲ್ಲಿ ಅಲುಗದಂತೆ ಕೂರಿಸಿ, ಬಾಯಿಗೆ ಮುಚ್ಚಳವಿಟ್ಟು, ಅರಮನೆಯ ದಾರಿ ಹಿಡಿದ.